ಕುದುರೆ ಪರೀಕ್ಷಕನ ಟೈರುಗಳು

ಟೈರು ಆರಿಸುವಾಗ ಹೆಂಡತಿಯ ಮಾತು ಕೇಳಬೇಕೇ ಎಂದು ಹೋದ ವಸಂತದಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ, ಎದೆಯುಬ್ಬಿಸಿ ‘ಖಂಡಿತ ಬೇಡ’ ಎನ್ನುತ್ತಿದ್ದೆ. ಈಗ ಕೇಳಿದರೆ, ಹಾಲು ಕರೆಯುವ ಹೊತ್ತಾಯಿತು ಎಂದು ಎದ್ದುಹೋಗುತ್ತೇನೆ. (ನಮ್ಮ ಹುಲ್ಲುಗಾವಲಿನಲ್ಲಿ ಹಸುವಿನ ಹಾಲು ಕರೆಯುವುದು ಹೆಂಗಸರ ಕೆಲಸ. ನನ್ನ ಅವಸ್ಥೆ ಅಲ್ಲಿಗೆ ಬಂದಿದೆ.)

ನಮ್ಮದು ಸೈನ್ಯದಿಂದ ನಿವೃತ್ತಿಯಾದ ಲಾರಿ. ಆರು ಚಕ್ರ, ಹಸಿರು ಮೈ, ಮುಂದಕ್ಕೆ ಚಾಚಿದ ಮೂತಿ. ಸೈನ್ಯದಲ್ಲಿ ಅದು ಯಾವ ಶತ್ರುವನ್ನು ಎದುರಿಸಿತ್ತೋ ತಿಳಿಯದು, ನಮ್ಮಲ್ಲಿ ಮಾತ್ರ ಡೇರೆ, ಒಲೆ, ಕುರಿಮರಿಗಳು ಮತ್ತು ನನ್ನ ಹೆಂಡತಿ ಯಂಜ್ಮಾಳ ಪೆಟ್ಟಿಗೆಗಳನ್ನು ಪ್ರತಿ ಋತುವಿಗೂ ಹೊಸ ಬಿಡಾರಕ್ಕೆ ಹೊರುತ್ತಿತ್ತು. ಅದರ ಹಳೆಯ ಟೈರುಗಳಿಗೆ ಬೆರಳು ದಪ್ಪದ ಹಲ್ಲುಗಳಿದ್ದವು. ಕೆಸರು ಬಂದರೆ ಕೂತಲ್ಲಿಂದಲೇ ಒಂದು ಗುಂಡಿ ತಿರುಗಿಸಿ ಗಾಳಿ ಇಳಿಸಬಹುದಿತ್ತು. ಆಗ ಟೈರು ಒಂಟೆಯ ಪಾದದಂತೆ ಅಗಲವಾಗಿ, ಕೆಸರಿನ ಮೇಲೆ ತೂಗುತ್ತಾ ದಾಟಿಬಿಡುತ್ತಿತ್ತು.

ಇಷ್ಟು ಚೆನ್ನಾಗಿದ್ದದ್ದನ್ನು ಕೆಡಿಸಿದ್ದು ಡಾಂಬರು. ಪಟ್ಟಣದಿಂದ ನಮ್ಮ ಬಯಲಿನ ಅಂಚಿನವರೆಗೆ ಹೊಸ ರಸ್ತೆ ಬಂತು. ಅದರ ಮೇಲೆ ನಮ್ಮ ಲಾರಿ ಹೋದರೆ ಹಲ್ಲಿನ ಟೈರುಗಳು ಬೊಬ್ಬೆ ಹೊಡೆಯುತ್ತಿದ್ದವು. ನನ್ನ ಉಪ್ಪು ಚಹಾ ಬಟ್ಟಲಿನಲ್ಲಿ ನಿಲ್ಲುತ್ತಿರಲಿಲ್ಲ. ಹಲ್ಲೂ ಸವೆದಿತ್ತು. ಬದಲಾಯಿಸೋಣ ಎಂದೆ.

“ಬದಲಾಯ್ಸಿ. ಆದ್ರೆ ಅಂಥದ್ದೇ ತನ್ನಿ,” ಎಂದಳು ಯಂಜ್ಮಾ. “ನಾವು ಡಾಂಬರು ತುಳಿಯೋದು ಉಪ್ಪು, ಹಿಟ್ಟು ತರೋಕೆ. ಮಿಕ್ಕಿದ್ದೆಲ್ಲಾ ಕೆಸರೇ ಅಲ್ವಾ ನಮ್ಮ ಬಾಳು?”

“ನಂಗೆ ಹೇಳಿಕೊಡ್ತೀಯಾ? ಮೂರು ಕಣಿವೆಯವರು ಕುದುರೆ ಕೊಳ್ಳೋ ಮೊದ್ಲು ಈ ದಂಬಾನ್ನ ಕರ್ಕೊಂಡು ಹೋಗ್ತಾರೆ!”

“ಕುದುರೆಗೆ ಕರೀತಾರೆ ರೀ. ಟೈರಿಗೆ ಯಾರೂ ಕರೆದಿಲ್ಲ.”

ಅವಳ ಆತಂಕಕ್ಕೆ ಕಾರಣವಿತ್ತು. ಅವಳ ತಮ್ಮನ ಮಗಳು, ನಾಲ್ಕು ವರ್ಷದ ಚಿಮ್ಗೇಗೆ ಹುಟ್ಟುಗೂದಲು ತೆಗೆಯುವ ಶಾಸ್ತ್ರ ನಿಗದಿಯಾಗಿತ್ತು. ಮೊದಲ ಕತ್ತರಿ ಹಾಕುವವನು ನಮ್ಮ ಹನ್ನೆರಡು ಪ್ರಾಣಿವರ್ಷಗಳ ಪೈಕಿ ಕುದುರೆ ವರ್ಷದಲ್ಲಿ ಹುಟ್ಟಿದ ಗಂಡಸಾಗಿರಬೇಕು, ಸೂರ್ಯ ಮುಳುಗುವುದರೊಳಗೆ ಆಗಬೇಕು ಎಂದು ಲಾಮಾ ಹೇಳಿದ್ದರು. ಅವಳ ತವರಿನ ಬಳಗದಲ್ಲಿ ಅಂಥವರು ಇಬ್ಬರು: ನಾನು, ಮತ್ತು ನನಗಿಂತ ಒಂದು ಸುತ್ತು, ಎಂದರೆ ಹನ್ನೆರಡು ವರ್ಷ, ಹಿರಿಯನಾದ ನನ್ನ ಷಡ್ಡಕ ಗೊಂಚಿಗ್. ತವರಿನವರಿಗೆ ಗೊಂಚಿಗ್ ಎಂದರೆ ಪ್ರಾಣ. ನಾನು ಎಂದರೆ, “ಓ, ಬಂದ್ಯಾ? ಬಾಗಿಲು ಹಾಕು.” ಯಂಜ್ಮಾ ಅಪ್ಪನ ಹತ್ತಿರ ಹಟ ಹಿಡಿದು, ಅತ್ತು, ಮೊದಲ ಕತ್ತರಿಯನ್ನು ನನಗೆ ಕೊಡಿಸಿದ್ದಳು. ಕತ್ತರಿ ಹಾಕಿದವನಿಗೇ ಮನೆಯ ಹಿರಿಯ ಚಹಾದ ಮೊದಲ ಬಟ್ಟಲು ಕೊಡುವುದು ಪದ್ಧತಿ. ನನಗೆ ನೀಲಿ ರೇಷ್ಮೆಯ ಹೊಸ ನಿಲುವಂಗಿಯನ್ನೂ ಹೊಲಿದಿದ್ದಳು.

“ಒಂದೇ ಒಂದು ಸಲ ನಮ್ಮಪ್ಪ ನಿಮಗೆ ಮೊದಲನೇ ಬಟ್ಟಲು ಕೊಡೋದನ್ನ ನಾನು ನೋಡ್ಬೇಕು ರೀ,” ಎಂದಿದ್ದಳು.

ಸರಿ, ಪಟ್ಟಣದ ಸಂತೆಗೆ ಹೋದೆ. ಒಂದು ಕಡೆ ಹಲ್ಲಿನ ಟೈರುಗಳು ಧೂಳು ಮೆತ್ತಿಕೊಂಡು, ಕಾಡುಹಂದಿಗಳ ಹಾಗೆ ಕೂತಿದ್ದವು. ಇನ್ನೊಂದು ಕಡೆ ರಸ್ತೆಯ ಟೈರುಗಳು. ಏನು ಹೊಳಪು! ಏನು ಮೈಕಟ್ಟು! ನಾನು ಕುದುರೆ ನೋಡುವ ಕ್ರಮದಲ್ಲೇ ನೋಡಿದೆ. ಸುತ್ತು ಬಂದೆ, ಪಕ್ಕೆ ತಟ್ಟಿದೆ, ಒಂದನ್ನು ಉರುಳಿಸಿ ನಡಿಗೆ ಪರೀಕ್ಷಿಸಿದೆ. ಸವಾರನ ಕೈಲಿದ್ದ ಬಟ್ಟಲು ತುಳುಕದಂತೆ ಹೋಗುವ ಕುದುರೆಗೆ ನಮ್ಮವರು ಜೀವ ಬಿಡುತ್ತಾರೆ. ಅದೇ ನಡಿಗೆ! ವ್ಯಾಪಾರದ ಹೆಂಗಸು, “ಅಣ್ಣಾ, ನಿಮ್ಮ ಲಾರಿ ಹೋಗೋದು ಎಲ್ಲಿಗೆ?” ಎಂದು ಕೇಳಿದಳು. ಕುದುರೆ ಮಾರುವವನು ಇಂಥ ಪ್ರಶ್ನೆ ಕೇಳಿದರೆ ಒಳ್ಳೆಯ ಕುದುರೆ ಬಚ್ಚಿಡುತ್ತಿದ್ದಾನೆ ಎಂದರ್ಥ. ನಾನು ಉತ್ತರ ಕೊಡದೆ ಮುಗುಳ್ನಕ್ಕೆ. (ಆ ಮುಗುಳ್ನಗೆಯನ್ನು ಇವತ್ತು ಯಾರಾದರೂ ವಾಪಸು ತಗೊಂಡರೆ ಕೊಟ್ಟುಬಿಡುತ್ತೇನೆ.)

ಹೊಸ ಟೈರಿನ ಪಕ್ಕೆ ಗಟ್ಟಿ, ಗಾಳಿ ಇಳಿಸಿದರೂ ಹರಡುವುದಿಲ್ಲ ಎಂದ ಮೇಲೆ ಆ ಗುಂಡಿಯಿಂದ ಚಕ್ರಗಳಿಗೆ ಹೋಗುತ್ತಿದ್ದ ಗಾಳಿಯ ಕೊಳವೆಗಳನ್ನೂ ಕಿತ್ತುಹಾಕಿಸಿದೆ. ಹಳೆಯ ಟೈರು ಏನು ಮಾಡುವುದು? ಗೊಂಚಿಗನ ಬಳಿಯೂ ನಮ್ಮದರ ಜೋಡಿಯಂಥದೇ ಲಾರಿ ಇತ್ತು. ಒಂದು ಟಗರಿಗೆ ಆರನ್ನೂ ಅವನಿಗೆ ಸಾಗಹಾಕಿದೆ. ಷಡ್ಡಕನಿಗೆ ಟೋಪಿ ಹಾಕಿದ ಸುಖ ಅನುಭವಿಸಿದವರಿಗೇ ಗೊತ್ತು. ಆ ಟಗರಿನ ಮಾಂಸ ತಿನ್ನುವಾಗ ನಾನು ನಡುನಡುವೆ ನಗುತ್ತಿದ್ದೆ. ಯಂಜ್ಮಾ ನಗಲಿಲ್ಲ.

ಹೊರಡುವ ದಿನ ಪದ್ಧತಿಯಂತೆ ಅವಳು ಚಕ್ರಗಳಿಗೆ ಹಾಲು ಚಿಮುಕಿಸಿದಳು. ಹಳೆಯ ಟೈರಿನಲ್ಲಿ ಹಾಲು ಹಲ್ಲುಗಳ ಸಂದಿಗೆ ಇಳಿದು ನಿಲ್ಲುತ್ತಿತ್ತು. ಇದರಲ್ಲಿ ಸುಮ್ಮನೆ ಜಾರಿ ನೆಲಕ್ಕೆ ಬಿತ್ತು. ಅವಳು ನನ್ನ ಮುಖ ನೋಡಿದಳು. ಪ್ರಯಾಣಕ್ಕೆ ಹೊರಟವರು ದಾರಿಯ ಬಗ್ಗೆ ಕೆಟ್ಟದ್ದು ಆಡಬಾರದು ಎಂಬುದು ನಮ್ಮ ಕಟ್ಟುಪಾಡು. ಅದಕ್ಕೇ ತುಟಿ ಬಿಗಿದು, ಕತ್ತರಿಯನ್ನು ರೇಷ್ಮೆಯಲ್ಲಿ ಸುತ್ತಿಟ್ಟುಕೊಂಡು ಹತ್ತಿ ಕೂತಳು. ಹಿಂದೆ, ಮಗುವಿಗೆ ಉಡುಗೊರೆಯಾಗಿ ನಾನೇ ಆರಿಸಿದ ಕಂದು ಕುದುರೆಮರಿ.

ಡಾಂಬರಿನ ಮೇಲೆ ಲಾರಿ ಹಂಸದಂತೆ ತೇಲಿತು. ಬಟ್ಟಲು ತುಂಬ ಚಹಾ ಹಿಡಿದು ತೋರಿಸಿದೆ. “ನೋಡು, ಒಂದು ಹನಿ ಚೆಲ್ಲಿದ್ರೆ ಕೇಳು!” ಅವಳು ಕೇಳಲಿಲ್ಲ.

ಡಾಂಬರು ಮುಗಿಯಿತು. ಅವಳ ತವರಿನ ಮುಂದಿನ ಜೌಗು ಶುರುವಾಯಿತು. ಲಾರಿ ಮಧ್ಯದವರೆಗೆ ಬಂತು, ನಿಂತಿತು, ಕೂತಿತು. ಚಕ್ರಗಳು ತಿರುಗಿದವು, ಸೊಗಸಾಗಿ, ಸದ್ದಿಲ್ಲದೆ, ಇದ್ದಲ್ಲೇ. ಅಭ್ಯಾಸಬಲದಿಂದ ಗಾಳಿಯ ಗುಂಡಿ ತಿರುಗಿಸಿದೆ. ಏನೂ ಆಗಲಿಲ್ಲ.

ಲಾರಿ ನಿಂತ ಮೇಲೆ ಪ್ರಯಾಣ ನಿಂತಂತೆ, ಕಟ್ಟುಪಾಡೂ ಮುಗಿದಂತೆ ಎಂದು ಯಂಜ್ಮಾ ತೀರ್ಮಾನಿಸಿದಳು.

“ಚಹಾ ಚೆಲ್ಲಲಿಲ್ಲ, ಅಲ್ವಾ? ಕುಡೀರಿ! ಹೊಟ್ಟೆ ತುಂಬಾ ಕುಡೀರಿ! ನಮ್ಮಪ್ಪನ ಮುಂದೆ ಮೂಗಲ್ಲಿ ನೀರು ಸುರಿಸ್ಕೊಂಡು ಅತ್ತು ತಂದ ಮಾನ ರೀ ಅದು! ನೀವು ಟೈರಿನ ನಡಿಗೆ ನೋಡಿದ್ರಿ!”

ಅಷ್ಟರಲ್ಲಿ ಹಿಂದಿನಿಂದ ಪರಿಚಿತ ಬೊಬ್ಬೆ ಕೇಳಿಸಿತು. ನನ್ನದೇ ಟೈರುಗಳು! ಅವುಗಳ ಮೇಲೆ ಗೊಂಚಿಗ್ ಮತ್ತು ನನ್ನ ನಾದಿನಿ. ಅವನು ಗಾಳಿ ಇಳಿಸಿ, ಜೌಗಿನ ಮೇಲೆ ತೂಗುತ್ತಾ ಬಂದು ಪಕ್ಕದಲ್ಲಿ ನಿಲ್ಲಿಸಿದ.

“ತಮ್ಮಾ, ಒಳ್ಳೇ ಟೈರು ಕೊಟ್ಟೆ ಕಣೋ,” ಎಂದ. ವ್ಯಂಗ್ಯವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಎಳೆಯೋಕೆ ಹಗ್ಗ ತಂದಿಲ್ಲ. ಹತ್ತು, ಹೊತ್ತು ಮುಳುಗೋ ಮೊದ್ಲು ಶಾಸ್ತ್ರ ಮುಗಿಸಿ ಬರೋಣ.”

ಹತ್ತಬೇಕಿತ್ತು. ಕಾಲೂ ಎತ್ತಿದ್ದೆ. ಆದರೆ ಗೊಂಚಿಗನ ಲಾರಿಯಲ್ಲಿ, ನಾನೇ ಟೋಪಿ ಹಾಕಿ ಮಾರಿದ ಟೈರಿನ ಮೇಲೆ, ಅವನ ಸಾಮಾನಿನಂತೆ ಮಾವನ ಬಾಗಿಲಲ್ಲಿ ಇಳಿಯುವುದೇ? “ನೀವು ನಡೀರಿ. ಜಾತಿ ಟೈರು ಇದು, ಸ್ವಲ್ಪ ಮಣ್ಣು ಕೆರೆದ್ರೆ ಎದ್ದೇಳುತ್ತೆ. ನಾನು ಹಿಂದೇನೇ ಬಂದೆ,” ಎಂದುಬಿಟ್ಟೆ.

“ರೀ,” ಎಂದಳು ಯಂಜ್ಮಾ. ಈ ಸಲ ಬೈಗುಳವಿರಲಿಲ್ಲ. “ಬನ್ನಿ ರೀ.”

“ಬಂದೇಬಿಟ್ಟೆ ಅಂದ್ನಲ್ಲ!”

ಕತ್ತರಿ ಹೋಯಿತು. ಹೆಂಡತಿ ಹೋದಳು. ಕುದುರೆಮರಿ ಕೂಡ ಹಿಂತಿರುಗಿ ನೋಡದೆ ಗೊಂಚಿಗನ ಲಾರಿ ಹತ್ತಿತು. ನಾನು ಮಣ್ಣು ಕೆರೆದೆ, ಕಲ್ಲು ಹಾಕಿದೆ, ನೀಲಿ ರೇಷ್ಮೆಯ ನಿಲುವಂಗಿಯನ್ನೂ ಕೊನೆಗೆ ಚಕ್ರದ ಕೆಳಗೆ ಹಾಸಿದೆ. ಚಕ್ರ ಅದನ್ನು ನುಂಗಿ ಮತ್ತೂ ಇಳಿಯಿತು. ಸೂರ್ಯ ಗುಡ್ಡದ ಹಿಂದೆ ಸರಿಯುವಾಗ ಆ ಕಡೆಯಿಂದ ನಗು, ಹಾಡು ತೇಲಿಬಂತು. ಮೊದಲ ಬಟ್ಟಲು ಯಾರ ಕೈಗೆ ಹೋಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ನನಗಾಗಿ ಅಷ್ಟು ಬೇಸರವಾಗಲಿಲ್ಲ. ಅಲ್ಲಿ ತಲೆತಗ್ಗಿಸಿ ಕೂತಿರುವ ಯಂಜ್ಮಾಳನ್ನು ನೆನೆದು ಕಣ್ಣು ತುಂಬಿತು.

ಬೆಳಗ್ಗೆ ಅವರೆಲ್ಲ ಹಗ್ಗ ಹಿಡಿದು ಬಂದರು. ಗೊಂಚಿಗ್ ಹಗ್ಗ ಬಿಗಿದ, ಅವನ ಲಾರಿ ಒಮ್ಮೆ ಗುಡುಗಿತು, ನನ್ನದು ಕೆಸರಿನಿಂದ ಹೊರಗೆ ಬಂತು. ನುಣ್ಣಗೆ ಬೋಳಾಗಿದ್ದ ಚಿಮ್ಗೇ ತನ್ನ ಅತ್ತೆ ಯಂಜ್ಮಾಳ ಕೈ ಬಿಡಿಸಿಕೊಂಡು ಬಂದು, ಒಂದು ಕೈಯನ್ನು ತನ್ನ ತಲೆಯ ಮೇಲೂ ಇನ್ನೊಂದನ್ನು ನನ್ನ ಟೈರಿನ ಮೇಲೂ ಆಡಿಸಿದಳು. ಪಕ್ಕದಲ್ಲಿದ್ದ ಗೊಂಚಿಗನ ಹಲ್ಲಿನ ಟೈರು ನೋಡಿದಳು. ಮತ್ತೆ ನನ್ನದನ್ನು ನೋಡಿದಳು.

“ಮಾವಾ, ನಿನ್ನ ಟೈರಿಗೂ ಕೂದ್ಲು ತೆಗ್ಸಿದ್ರಾ?”

ಅವಳು ನನ್ನ ತೋಳು ಜಗ್ಗಿದಳು.

“ಮೊದ್ಲು ಕತ್ತರಿ ಹಾಕಿದ್ದು ಯಾರು?”

ನಾನು ಯಂಜ್ಮಾಳ ಕಡೆ ನೋಡಿದೆ. ಅವಳ ಕಣ್ಣು ಕೆಂಪಾಗಿತ್ತು. ಮಡಿಲಿನಿಂದ ಬಟ್ಟಲು ತೆಗೆದು, ಚಹಾ ಬಗ್ಗಿಸಿ, ಎಲ್ಲರಿಗಿಂತ ಮೊದಲು ನನ್ನ ಕೈಗಿಟ್ಟಳು.

“ನಿನ್ನ ಮಾವಾನೇ ಕಂದಾ,” ಎಂದಳು. “ಅದನ್ನ ಮಾತ್ರ ಯಾರಿಗೂ ಬಿಟ್ಟುಕೊಡ್ಲಿಲ್ಲ.”