ಕೈಕಾಲು ಮೇಡಂ ಮತ್ತು ಮಿಷನ್ನುಗಳು

ವಾರಕ್ಕೊಂದಾದರೂ ಮಿಷನ್ನಿನ ಜಗಳ ನಡೆಯದಿದ್ದರೆ ನನಗೆ ಕೆಲಸಕ್ಕೆ ಹೋದಂತೆಯೇ ಅನಿಸುವುದಿಲ್ಲ. ನಾನು ಆಕ್ಯುಪೇಷನಲ್ ಥೆರಪಿಸ್ಟ್. ಲಕ್ವ ಹೊಡೆದವರು, ಕೈ ಮುರಿದುಕೊಂಡವರು ಮತ್ತೆ ತಾವೇ ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು, ತುತ್ತು ಎತ್ತಿ ಉಣ್ಣುವಂತೆ ಮಾಡುವುದು ನನ್ನ ಉದ್ಯೋಗ. ಕೋಲಾರದ ಸುತ್ತಮುತ್ತಲ ಹಳ್ಳಿಗಳಲ್ಲಿ ಅಷ್ಟುದ್ದದ ಹೆಸರು ಯಾರಿಗೆ ಬೇಕು? ನಾನು ಬರೀ 'ಕೈಕಾಲು ಮೇಡಂ'. ನಾನು ಹೋಗುವಷ್ಟರಲ್ಲಿ ಆನ್‌ಲೈನಿನಲ್ಲಿ ತರಿಸಿದ ಯಾವುದಾದರೂ ಮಿಷನ್ನು ಆ ಮನೆಗೆ ಬಂದು ಕೂತಿರುತ್ತದೆ. 'ಇದು ಬೇಕೇ ಬೇಕಾ?' ಅಂತ ಕೇಳಿ ನಾನು ನಿಷ್ಠುರಳಾಗುತ್ತೇನೆ.

ಗುಂಡಿ

ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸದವನೊಬ್ಬ ಬೈಕಿನಿಂದ ಬಿದ್ದು ಹೆಬ್ಬೆರಳು ಮುರಿದುಕೊಂಡಿದ್ದ. ಬೆರಳಿಗೆ ವ್ಯಾಯಾಮ ಅಂತ ಮೊಬೈಲಿನಲ್ಲಿ ಗೇಮ್ ಆಡೀ ಆಡೀ ಊರಿಗೇ ಚಾಂಪಿಯನ್ ಆಗಿದ್ದ.

"ಫುಲ್ ಸ್ಕೋರ್ ಮೇಡಂ. ಡ್ಯೂಟಿಗೆ ಹೋಗ್ಬಹುದು ಅಂತ ಬರ್ಕೊಡಿ."

"ಮೊದ್ಲು ಶರ್ಟಿನ ಗುಂಡಿ ಹಾಕಪ್ಪ."

ಬಹಳ ಹೊತ್ತು ಒದ್ದಾಡಿದ, ಬೆವರಿದ. ಒಂದು ಗುಂಡಿಯೂ ಸೇರಲಿಲ್ಲ. ಕೊನೆಗೆ ತಲೆ ಎತ್ತಿ ಗಂಭೀರವಾಗಿ ಹೇಳಿದ: "ಕಂಪನಿ ಯೂನಿಫಾರಂಗೆ ಜಿಪ್ಪು ಮೇಡಂ."

ಮುದ್ದೆ

ಹುತ್ತೂರಿನ ಹೆಂಗಸೊಬ್ಬರ ಮುರಿದ ಮಣಿಕಟ್ಟು ಕೂಡಿಕೊಂಡಿತ್ತು, ಬಲ ಬರಬೇಕಿತ್ತು. ಹೆಂಡತಿಗೆ ಕಷ್ಟವಾಗದಿರಲಿ ಎಂದು ಗಂಡ ಮುದ್ದೆ ಮಾಡುವ ಮಿಷನ್ನು ತಂದು ತಾವೇ ಓಡಿಸುತ್ತಿದ್ದರು.

"ಮಿಷನ್ ಬೇಡ ಯಜಮಾನ್ರೇ, ಅವರೇ ಕೋಲು ಹಿಡಿದು ತಿರುವಿದ್ರೆ ಕೈಗೆ ಬಲ ಬರುತ್ತೆ" ಅಂದೆ. ಯಜಮಾನರ ಮುಖ ಅರಳಿತು. ಆಗಲೇ ಮಿಷನ್ನು ತುಂಬಿಡಲು ಡಬ್ಬ ಹುಡುಕಲು ಹೋದರು. ಆಕೆ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಪಿಸುಗುಟ್ಟಿದರು: "ಕೋಲು ನಾನು ಕದ್ದು ತಿರುವ್ಕೋತೀನಿ, ಮಿಷನ್ ಬೇಕು ಅಂತ್ಲೇ ಹೇಳಿ ಮೇಡಂ. ಮದ್ವೆಯಾದಾಗಿಂದ ಅವ್ರು ಅಡಿಗೆಮನೆಗೆ ಬಂದಿರೋದು ಇದೇ ಮೊದ್ಲು."

ಬೆಲ್ಲು

ಆಂಧ್ರದ ಗಡಿಯ ಗೌನಿಪಲ್ಲಿ ಕಡೆಯ, ತೆಲುಗು ಮನೆಮಾತಿನ ಒಬ್ಬ ತಾತನಿಗೆ ಲಕ್ವ ಹೊಡೆದು ಎಡಗಾಲು ಸೋತಿತ್ತು. ಅವರಿಗೆ ಬೇಕಾದ್ದು ಒಂದೇ, ಬೆಳಿಗ್ಗೆ ಹಾಲಿನ ಡೈರಿಗೆ ತಾವೇ ನಡೆದುಹೋಗಿ ಗೆಳೆಯರ ಜೊತೆ ಹರಟುವುದು. "ಡೈರಿಗೆ ಹೋಗ್ದಿದ್ರೆ ಬದುಕಿದ್ದೂ ಸತ್ತಂಗೆ ಕಣಮ್ಮ" ಎಂದರು. ಕೇಳಿ ನನಗೆ ಸಂಕಟವಾಯಿತು. ಮನೆಯೊಳಗೆ ದಿನಾ ಓಡಾಡಿ ಅಂತ ಹೇಳಿಕೊಟ್ಟು ಬಂದೆ.

ತಿಂಗಳು ಬಿಟ್ಟು ಹೋದರೆ ತಾತ ಮಂಚ ಬಿಟ್ಟು ಕದಲಿರಲಿಲ್ಲ. ಮಗಳು ರಿಮೋಟ್ ಬೆಲ್ಲು ತಂದುಕೊಟ್ಟಿದ್ದಳು. ಒತ್ತಿದರೆ ಕಾಫಿ, ಒತ್ತಿದರೆ ನೀರು, ಒತ್ತಿದರೆ ಬೆನ್ನು ತುರಿಸಲು ಅಜ್ಜಿ ಹಾಜರ್.

"ಓಡಾಡಿ ಓಡಾಡಿ ನನ್ ಮಂಡಿನೋವೇ ಹೋಯ್ತು ತಲ್ಲಿ" ಅಂದರು ಅಜ್ಜಿ. ಚಿಕಿತ್ಸೆ ಚೆನ್ನಾಗಿಯೇ ಹತ್ತಿತ್ತು, ರೋಗಿ ಮಾತ್ರ ಬೇರೆ.

ರಿಮೋಟನ್ನು ತಾತನ ಕೈಯಿಂದ ಕಿತ್ತು ಅಜ್ಜಿಗೆ ಕೊಟ್ಟೆ. "ಕಾಫಿ ಆದಾಗ ನೀವು ಒತ್ತಿ, ಅವರು ಎದ್ದು ಬರ್ಲಿ." ತಾತ ನನ್ನನ್ನು ತೆಲುಗಿನಲ್ಲಿ ಬೈದರು. ಒಂದೆರಡು ದಿನ ಕಾಫಿಯನ್ನೇ ಬಿಟ್ಟರಂತೆ. ಆಮೇಲೆ ಗೋಡೆ ಹಿಡಿದು ಅಡಿಗೆಮನೆಗೆ ಬಂದರಂತೆ. ನಿಧಾನಕ್ಕೆ ಕೋಲೂರಿಕೊಂಡು ಜಗಲಿಗೆ, ಬೀದಿಗೆ.

ಮೊನ್ನೆ ಅಜ್ಜಿ ಫೋನು ಮಾಡಿದರು. "ಡೈರಿಗೆ ಹೋಗ್ತಾರೆ ಕಣಮ್ಮ. ಬೆಳಿಗ್ಗೆ ಹೋದವ್ರು ಮಧ್ಯಾಹ್ನವಾದ್ರೂ ಬರಲ್ಲ. ಬೆಲ್ಲು ಒತ್ತೀ ಒತ್ತೀ ನಂಗೆ ಸಾಕಾಯ್ತು."

ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. "ಇನ್ನು ಆ ಬೆಲ್ಲು ಬೇಕಾಗಿಲ್ಲ ಅಜ್ಜಿ, ಎತ್ತಿಟ್ಟುಬಿಡಿ" ಅಂದೆ.

"ಎತ್ತಿಡೋದಾ? ಡೈರಿವರ್ಗೂ ಕೇಳಿಸೋ ಅಂಥದ್ದು ಇದ್ರೆ ಒಂದು ತಂದ್ಕೊಡು."