ಟಾವೆಲ್ಲಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ್ದು

ನನ್ನಲ್ಲೊಂದು ದುರ್ಗುಣವಿದೆ, ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿ ಏನಾದರೂ ಕೆಟ್ಟರೆ ಉಳಿದವರಿಗೆ ಮಿಸ್ತ್ರಿಯ ನೆನಪಾಗುತ್ತದೆ, ನನಗೆ ಸ್ಕ್ರೂಡ್ರೈವರಿನ ನೆನಪಾಗುತ್ತದೆ. ಮಿಕ್ಸರು, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ ಎಲ್ಲವೂ ನನ್ನ ಕೈಯಲ್ಲಿ ಬಿಚ್ಚಿಕೊಂಡಿವೆ. ತಿರುಗಿ ಕೂಡಿಕೊಂಡವೇ ಎಂದು ಮಾತ್ರ ಕೇಳಬೇಡಿ. ಗಡಿಯಾರವಂತೂ ಕೂಡಿಕೊಂಡ ಮೇಲೆ ಹಿಂದಕ್ಕೆ ನಡೆಯತೊಡಗಿತು. ನಮ್ಮವ್ವ, "ಇರ್ಲಿ ಬಿಡೊ, ನನ್ನ ವಯಸ್ಸರೆ ಕಡಿಮಿ ಆಗ್ತದ" ಎಂದು ಅದನ್ನು ತನ್ನ ಕೋಣೆಗೆ ಒಯ್ದಳು.

ಸೊಲ್ಲಾಪುರದಲ್ಲಿ ನಮ್ಮದು ಟಾವೆಲ್-ಚಾದರದ ಅಂಗಡಿ. ಅಲ್ಲಿನ ಲ್ಯಾಪ್‌ಟಾಪಿನಲ್ಲಿ ನಾನು ಬರೀ ಬಿಲ್ ಮಾಡುತ್ತಿದ್ದಾಗ ಅದು ಕುಂಟುತ್ತಾದರೂ ನಡೆಯುತ್ತಿತ್ತು. ಹೋದ ವರ್ಷ ನನ್ನ ಹೆಂಡತಿ ಸುಮಿತ್ರಾ ಅದರಲ್ಲಿ ಡಿಸೈನ್ ತೆಗೆಯುವುದನ್ನು ಕಲಿತಳು. ಹನ್ನೂರಿನ ತವರಿನ ಹೊಲದಲ್ಲಿ ಕಂಡ ಜೋಳದ ತೆನೆಗಳನ್ನೇ ಸಾಲಾಗಿ ನಿಲ್ಲಿಸಿ ಟಾವೆಲ್ಲಿಗೆ ಅಂಚು ಮಾಡಿದಳು. ಇಪ್ಪತ್ತು ವರ್ಷ ನವಿಲು, ಗುಲಾಬಿ ಮಾರಿದವನು ನಾನು. ಆ ತೆನೆಗಳನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಅಂದು ಎರಡು ಸಲ ಚಹಾ ತರಿಸಿದೆ. ಫೋಟೊ ಕಳಿಸಿದರೆ ಪುಣೆಯ ವ್ಯಾಪಾರಿಯೊಬ್ಬರಿಗೂ ಹಿಡಿಸಿತು. ಆದರೆ ಒಂದು ದಿನ ಬೆಳಿಗ್ಗೆ ಫೋನ್ ಮಾಡಿ, ಇಂದು ಸಂಜೆ ನಾಲ್ಕರೊಳಗೆ ಪೂರ್ತಿ ಡಿಸೈನ್ ಬರಬೇಕು, ಇಲ್ಲವಾದರೆ ಬೇರೆಯವರದನ್ನು ಆರಿಸುತ್ತೇವೆ ಎಂದುಬಿಟ್ಟರು. ಡಿಸೈನ್ ಇದ್ದದ್ದು ಈ ಲ್ಯಾಪ್‌ಟಾಪ್ ಒಂದರಲ್ಲೇ. ಅದೋ, ಆ ಫೈಲ್ ತೆರೆ ಎಂದರೆ ರೊಟ್ಟಿ ಹಂಚಿನಂತೆ ಕಾದು, ಗೊರಗೊರ ಎಂದು ನಿಂತೇಬಿಡುತ್ತಿತ್ತು.

"ಮೆಮರಿ ಸಾಲವಲ್ದು. ಹಿಂದಿನ ಮುಚ್ಚಳ ಬಿಚ್ಚಿ ಇನ್ನೊಂದು ರ‍್ಯಾಮ್ ಹಾಕಿದ್ರ ಕುದುರಿ ಓಡಿದಂಗ ಓಡ್ತದ" ಎಂದೆ ನಾನು.

"ರಿಪೇರಿ ದುಕಾನಕ್ಕ ಒಯ್ರಿ. ನನ್ನ ಮೊದಲ್ನೇ ಡಿಸೈನ್ ಅದ ಅದರಾಗ" ಎಂದಳು ಸುಮಿತ್ರಾ.

"ನನ್ನ ಮ್ಯಾಲ ಭರೋಸಾ ಇಲ್ಲೇನು?"

"ನಿಮ್ಮ ಮ್ಯಾಲ ಅದರಿ. ನಿಮ್ಮ ಕೈ ಮ್ಯಾಲ ಇಲ್ಲ."

ಇಂಥ ಮಾತು ಕೇಳಿಯೂ ಸುಮ್ಮನಿರುವ ಗಂಡಸು ನಾನಲ್ಲ. ರ‍್ಯಾಮ್ ತಂದೆ, ಮೊಬೈಲಿನಲ್ಲಿ ವಿಡಿಯೊ ಮೂರು ಸಲ ನೋಡಿದೆ. ಲ್ಯಾಪ್‌ಟಾಪಿಗೆ ಗೀರು ಬೀಳಬಾರದೆಂದು ಗಾದಿಯ ಮೇಲೆ ಅಂಗಡಿಯಲ್ಲೇ ಎಲ್ಲಕ್ಕಿಂತ ದಪ್ಪ, ಮೆತ್ತಗಿನ ಹೊಸ ಟಾವೆಲ್ ಹಾಸಿ, ಅದನ್ನು ಬೋರಲು ಮಲಗಿಸಿದೆ. ಏಳು ಸ್ಕ್ರೂ ಎದುರಿಗೇ ಕಂಡವು, ಇನ್ನೆರಡು ರಬ್ಬರಿನ ಕಾಲಿನ ಕೆಳಗೆ ಅಡಗಿದ್ದವು. ಒಂಬತ್ತನ್ನೂ ಬಿಚ್ಚಿ ಟಾವೆಲ್ಲಿನ ಮೇಲೆಯೇ, ಹೊಸ ರ‍್ಯಾಮ್ ಪಕ್ಕದಲ್ಲಿ, ಸಾಲಾಗಿ ಇಟ್ಟೆ. ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಎಬ್ಬಿಸಿದರೆ ಮುಚ್ಚಳ ಒಂದೊಂದೇ ಕಡೆ 'ಕಟ್, ಕಟ್' ಎನ್ನುತ್ತ ಬಿಟ್ಟುಕೊಂಡಿತು. ಪ್ರತಿ ಸಲವೂ ಸುಮಿತ್ರಾ ಕಣ್ಣು ಮುಚ್ಚುತ್ತಿದ್ದಳು. ಒಳಗೆ ನೋಡಿದರೆ ನಾವು ಇಷ್ಟು ವರ್ಷ ಮಾರಿದ ಟಾವೆಲ್ಲುಗಳ ಗುಲಾಬಿ, ನೀಲಿ, ಹಳದಿ ನೂಲಿನ ಜುಂಗೆಲ್ಲ ಫ್ಯಾನಿಗೆ ಮೆತ್ತಿಕೊಂಡು ಕೂತಿತ್ತು! ವಿಡಿಯೊದಲ್ಲಿ ಹೇಳಿದಂತೆ ಬ್ಯಾಟರಿಯ ವೈರ್ ತೆಗೆದೆ. ಸುಮಿತ್ರಾ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಬ್ರಷ್‌ನಿಂದ ಆ ಜುಂಗನ್ನೆಲ್ಲ ಮೆಲ್ಲಗೆ ಎತ್ತತೊಡಗಿದಳು.

ಅಷ್ಟರಲ್ಲಿ ಅಕ್ಕಲಕೋಟ ಕಡೆಯ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದರು. "ತಮ್ಮಾ, ಮೊಮ್ಮಗನ ಲಗ್ನ ಅದ. ಬಂದ ಬೀಗರಿಗೆ ಆಯೇರಿ ಕೊಡಾಕ ಟಾವೆಲ್ ಬೇಕಾಗ್ಯಾವ. ಅಲ್ಲಿ ಹಾಸಿದ್ದು ಚಲೊ ಅದ ನೋಡು, ತೋರಿಸು."

ಇಲ್ಲಿ ನನ್ನ ಬುದ್ಧಿಯದೇನೂ ತಪ್ಪಿಲ್ಲ, ತಪ್ಪೆಲ್ಲ ಮಣಿಕಟ್ಟಿನದು. ಗಿರಾಕಿ 'ತೋರಿಸು' ಅಂದರೆ ಟಾವೆಲ್ಲಿನ ಎರಡು ತುದಿ ಹಿಡಿದು ಫಟ್ಟನೆ ಝಾಡಿಸಿ ಹರವುವುದು ಇಪ್ಪತ್ತು ವರ್ಷದ ರೂಢಿ.

ಝಾಡಿಸಿದೆ.

ಒಂಬತ್ತು ಸ್ಕ್ರೂಗಳೂ ಅಕ್ಷತೆಯ ಹಾಗೆ ಅಂಗಡಿ ತುಂಬ ಹಾರಿದವು. ಸುಮಿತ್ರಾ ಮೊಬೈಲಿನಲ್ಲಿ ಹೊತ್ತು ನೋಡಿದಳು. ಮೂರೂಕಾಲು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣಲ್ಲಿ ನೀರು ನೋಡಿ ನನ್ನ ಜೀವ ಹಾರಿಹೋಯಿತು. ಮೂವರೂ ಮೊಣಕಾಲೂರಿ ಹುಡುಕಿದೆವು. ಅಜ್ಜಿಯ ಕಣ್ಣು ನಮ್ಮಿಬ್ಬರಿಗಿಂತ ಚುರುಕು. "ಜೋಳದಾಗ ಹರಳ ಆರಿಸಿದ ಕಣ್ಣ ತಮ್ಮಾ ಇವು" ಎನ್ನುತ್ತ ಐದು ಸ್ಕ್ರೂ ಅವರೇ ಹೆಕ್ಕಿದರು. ಒಟ್ಟು ಎಂಟು ಸಿಕ್ಕವು. ವೈರ್ ಸಿಕ್ಕಿಸಿ, ಮುಚ್ಚಳ ಒತ್ತಿ, ಗಡಿಬಿಡಿಯಲ್ಲಿ ಬಿಗಿದು ಬಟನ್ ಒತ್ತಿದೆವು.

ಏನು ಹೇಳಲಿ! ಗೊರಗೊರ ಇಲ್ಲ, ಕಾವಿಲ್ಲ. ಜೋಳದ ತೆನೆಗಳು ಕಣ್ಣು ಮಿಟುಕಿಸುವುದರಲ್ಲಿ ಎದ್ದು ನಿಂತವು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಸುಮಿತ್ರಾ ಕಳಿಸಿದಳು, ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು. ಪಸಂದಾಗಿದೆ, ಆರು ಬಣ್ಣದಲ್ಲಿ ಬೇಕು! ಅವಳು ಚಪ್ಪಾಳೆ ತಟ್ಟಿ ಅಜ್ಜಿಯನ್ನೇ ಅಪ್ಪಿಕೊಂಡಳು. ನಾನೂ ಇದೇ ಹೊತ್ತೆಂದು ಎದೆಯುಬ್ಬಿಸಿ, "ನೋಡ್ರೆವ್ವಾ, ಹೊಸಾ ರ‍್ಯಾಮ್ ಅಂದ್ರ ಹಿಂಗಿರ್ತದ. ಎಲ್ಲಾರ ಕೈಲೆ ಆಗೂ ಕೆಲಸ ಅಲ್ಲ ಇದು" ಎಂದು ಭಾಷಣ ಶುರುಮಾಡಿದೆ. ಅಜ್ಜಿ ಟಾವೆಲ್ ಕಟ್ಟಿಸಿಕೊಂಡು, ಚಪ್ಪಲಿಗೆ ಕಾಲು ತೂರಿಸಿ, ಥಟ್ಟನೆ ನಿಂತರು.

"ತಮ್ಮಾ, ಚಪ್ಲ್ಯಾಗ ಏನೊ ಚುಚ್ಚಾಕತ್ತದ. ಈ ಹಸರ ಪಟ್ಟಿ ನಿಂದೇನು?"

ಪ್ಲಾಸ್ಟಿಕ್ ಕೂಡ ಬಿಚ್ಚದ ಹೊಸ ರ‍್ಯಾಮ್! ಟಾವೆಲ್ಲಿನ ಮೇಲೇ ಇತ್ತಲ್ಲ, ಸ್ಕ್ರೂಗಳ ಜೊತೆ ಅದೂ ಹಾರಿತ್ತು. ಗಡಿಬಿಡಿಯಲ್ಲಿ ಅದನ್ನು ಹಾಕಿಯೇ ಇರಲಿಲ್ಲ. ಲ್ಯಾಪ್‌ಟಾಪ್ ಓಡಿದ್ದು ಸುಮಿತ್ರಾ ಜುಂಗು ತೆಗೆದು ಅದಕ್ಕೆ ಉಸಿರಾಡಲು ಬಿಟ್ಟಿದ್ದರಿಂದ. ಅವಳು ಗಾದಿಯ ಮೇಲೆ ಉರುಳಿ ಉರುಳಿ ನಕ್ಕಳು. ಅಜ್ಜಿಗೆ ಏನೂ ತಿಳಿಯದಿದ್ದರೂ ಜೊತೆಗೆ ನಕ್ಕರು. ಕೊನೆಗೆ ನಾನೂ ನಕ್ಕೆ, ಮತ್ತೇನು ಮಾಡಲಿ?

ಮರುದಿನ ಅಕ್ಕಲಕೋಟದಲ್ಲಿರುವ ಸುಮಿತ್ರಾಳ ತಮ್ಮನ ಫೋನ್ ಬಂತು. ಅಕ್ಕನ ಗಂಡನೆಂದು ಅವನು ನನ್ನನ್ನು ದಾಜಿ ಎನ್ನುತ್ತಾನೆ. "ದಾಜಿ, ಅಕ್ಕ ಎಲ್ಲಾ ಹೇಳ್ಯಾಳ. ನನ್ನ ಲ್ಯಾಪ್‌ಟಾಪೂ ಭಾಳ ನಿಧಾನ ಆಗ್ಯದ. ತಗೊಂಡು ಬಸ್ ಹತ್ತೀನ್ರಿ."

ನಾನು ಸುಮಿತ್ರಾಳ ಕಡೆ ತಿರುಗಿ, "ಏನ್ ಹೇಳೀದಿ ಅವಗ?" ಎಂದೆ.

"ಖರೇನ ಹೇಳೀನ್ರಿ, ನೀವು ಬಿಚ್ಚಿದ್ರಿ ಅಂತ. ಹಾಕಿದ್ರಿ ಅಂತ ಎಲ್ಲಿ ಹೇಳೀನಿ?"

ಆ ಕ್ಷಣದಲ್ಲಾದರೂ ಫೋನಿನಲ್ಲಿ ನಿಜ ಹೇಳಿ ಅವನನ್ನು ಬಸ್ಸಿನಿಂದ ಇಳಿಸಬಹುದಿತ್ತು. ನಾನೇನು ಹೇಳಿದೆ ಗೊತ್ತೇ? "ಬಾರೊ, ಅದಕ್ಕೇನು, ಹತ್ತು ನಿಮಿಷದ ಕೆಲಸ!"