ಶಿರಾಕ್ಕೆ ಹೋಗಿ ಬಂದ ಪಿ.ಟಿ. ಮೇಡಂ

ಎದುರುಮನೆಯ ನರಸಮ್ಮ ಬೆಳಿಗ್ಗೆ ಬೆಳಿಗ್ಗೆಯೇ ಒಣಮೆಣಸಿನಕಾಯಿ ಹುರಿಯದೇ ಇದ್ದಿದ್ದರೆ ಲೋಹಿತಾ ಆ ದಿನ ಶಿರಾಕ್ಕೆ ಹೋಗುತ್ತಲೇ ಇರಲಿಲ್ಲ. ಘಾಟು ರಸ್ತೆ ದಾಟಿ ಬಂತು. ಬಾಗಿಲ ಮುಂದೆ ರಂಗೋಲಿ ಇಡುತ್ತಿದ್ದ ಲೋಹಿತಾ ಒಂದು ಸೀನು ಸೀನಿದಳು, ಇನ್ನೊಂದು ಸೀನಿದಳು. ಮೂರನೆಯದು ಬರುವ ಮುಂಚೆ ಎದ್ದು ಒಳಗೋಡಿದಳು. ಸೀರೆ ಬದಲಾಯಿಸಿ ಹೊರಗೆ ಬಂದಾಗ ರಂಗೋಲಿಯ ನವಿಲು ಒಂಟಿ ಕಾಲಲ್ಲಿ ನಿಂತಿತ್ತು.

ಇದು ಹೊಸದೇನಲ್ಲ. ಮಗಳು ಪ್ರಿಯಾಂಕ ಹುಟ್ಟಿದಾಗಿನಿಂದ ಅಷ್ಟಿಷ್ಟು ಇದ್ದದ್ದು, ನಲವತ್ತೈದು ದಾಟಿದ ಮೇಲೆ ಲಂಗುಲಗಾಮಿಲ್ಲದೆ ಹೆಚ್ಚಿತ್ತು. ಸೀನಿದರೆ ಸೋರುತ್ತಿತ್ತು, ಕೆಮ್ಮಿದರೆ ಸೋರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಜೋಕು ಹೇಳಿದರೆ ಲೋಹಿತಾ ತುಟಿ ಕಚ್ಚಿಕೊಂಡು ಸಾವಿನ ಮನೆಗೆ ಬಂದವಳ ಹಾಗೆ ಕೂರುತ್ತಿದ್ದಳು. ಬಹಳ ಗಂಭೀರ ಹೆಂಗಸು ಎಂಬ ಹೆಸರು ಅವಳಿಗೆ ಬಂದಿದ್ದು ಹಾಗೆ. ಅವಳೋ ಕೊರಟಗೆರೆಯ ಹೈಸ್ಕೂಲೊಂದರ ಪಿ.ಟಿ. ಮೇಡಂ. ಊರಿನ ಮಕ್ಕಳಿಗೆಲ್ಲ ಜಿಗಿಯುವುದನ್ನು ಕಲಿಸಿದವಳು ಈಗ ಮಂಡಿನೋವಿನ ನೆಪ ಹೇಳಿ ಬೇವಿನ ಮರದ ನೆರಳಲ್ಲಿ ನಿಂತು ಸೀಟಿ ಊದುತ್ತಿದ್ದಳು. ಸೀಟಿಯನ್ನೂ ಜೋರಾಗಿ ಊದುವಂತಿರಲಿಲ್ಲ. ಗಂಡ ಪ್ರಭುದೇವ್‌ನದು ಪೈಪು, ನಲ್ಲಿಗಳ ಅಂಗಡಿ. ಊರಲ್ಲಿ ಸೋರುವ ನಲ್ಲಿಗಳಿಗೆಲ್ಲ ವಾಷರ್ ಮಾರುವವನ ಹೆಂಡತಿ ನಾನು ಎಂದು ನೆನೆದಾಗ ಅವಳಿಗೇ ನಗು ಬರುತ್ತಿತ್ತು. ನಕ್ಕರೆ ಮತ್ತದೇ ಕತೆ.

ಇವತ್ತು ತೋರಿಸಿಯೇ ಬಿಡುವುದೆಂದು ನಿಶ್ಚಯಿಸಿದಳು. ಆದರೆ ಕೊರಟಗೆರೆಯ ಆಸ್ಪತ್ರೆಯಲ್ಲಿ ಚೀಟಿ ಕೊಡುವವನು ಅವಳ ಹಳೆಯ ವಿದ್ಯಾರ್ಥಿ. ಮಧುಗಿರಿಯಲ್ಲಿ ಹೆಜ್ಜೆಗೊಬ್ಬರು ತವರಿನ ನೆಂಟರು. ಉಳಿದದ್ದು ಶಿರಾ. ಅತ್ತೆ ಬಸವಮ್ಮನಿಗೆ "ಕ್ರೀಡಾಕೂಟದ ಮೀಟಿಂಗು" ಎಂದಳು, ಸ್ಕೂಲಿಗೆ ಫೋನ್ ಮಾಡಿ "ಜ್ವರ" ಎಂದಳು. ಎರಡು ಸುಳ್ಳುಗಳನ್ನು ಬೇರೆ ಬೇರೆ ದಿಕ್ಕಿಗೆ ಕಳಿಸಿದ್ದೇನೆ, ಒಂದಕ್ಕೊಂದು ಸಿಗಲಾರವು ಎಂಬ ಧೈರ್ಯದಲ್ಲಿ ಬಸ್ಸು ಹತ್ತಿದಳು.

ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ ಶಿರಾ ಮುಟ್ಟುವಷ್ಟರಲ್ಲಿ ದಾರಿಯ ಹಂಪುಗಳೆಲ್ಲ ಅವಳಿಗೆ ವೈಯಕ್ತಿಕವಾಗಿ ಪರಿಚಯವಾಗಿದ್ದವು.

ನರ್ಸಿಂಗ್ ಹೋಮಿನ ಡಾಕ್ಟರ್ ಸಂಘಮಿತ್ರಾ ಎದುರಿಗೆ ಕೂತಾಗ ಲೋಹಿತಾ ಮೊದಲು ಮಂಡಿನೋವು ಎಂದಳು, ಆಮೇಲೆ ಸೊಂಟನೋವು ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಸೀನಿದಾಗ ಸೋರುತ್ತಾ?"

ಲೋಹಿತಾ ತಲೆಯಾಡಿಸಿದಳು.

"ಎಷ್ಟು ವರ್ಷದಿಂದ?"

"ಮಗಳು ಈಗ ಡಿಗ್ರಿ ಓದ್ತಾ ಅವ್ಳೆ."

"ವರ್ಷ ಕೇಳಿದ್ರೆ ಮಗಳನ್ನ ತೋರಿಸ್ತೀರಲ್ಲ. ಇಷ್ಟು ದಿನ ಯಾಕೆ ಬರಲಿಲ್ಲ?"

"ಹೆತ್ತೋರಿಗೆಲ್ಲ ಇದು ಇದ್ದಿದ್ದೇ ಅಂತಾರಲ್ಲ ಮೇಡಂ."

"ತುಂಬ ಜನಕ್ಕೆ ಇರುತ್ತೆ. ಅಂದ ಮಾತ್ರಕ್ಕೆ ಸಹಿಸ್ಕೊಂಡು ಕೂರಬೇಕು ಅಂತೇನಿಲ್ಲ. ಸೊಂಟದ ಬುಡದಲ್ಲಿ ಸ್ನಾಯುಗಳಿವೆ, ಮೂತ್ರಕೋಶ, ಗರ್ಭಕೋಶ ಎಲ್ಲಾನೂ ತೊಟ್ಟಿಲ ಹಾಗೆ ಹೊತ್ಕೊಂಡಿರ್ತವೆ. ಅವು ಸಡಿಲ ಆದಾಗ ಹೀಗಾಗುತ್ತೆ. ವ್ಯಾಯಾಮದಿಂದ ಬಹಳಷ್ಟು ಜನಕ್ಕೆ ವಾಸಿಯಾಗುತ್ತೆ. ಆದ್ರೆ ಕೆಳಗೆ ಏನೋ ಜಾರಿದ ಹಾಗೆ ಭಾರ ಅನ್ನಿಸಿದ್ರೆ, ಉರಿ ಇದ್ರೆ, ರಕ್ತ ಕಂಡ್ರೆ, ಮೂತ್ರ ಕಟ್ಟಿದ್ರೆ ಮಾತ್ರ ಒಂದು ದಿನಾನೂ ತಡಮಾಡಬಾರದು."

ಪರೀಕ್ಷೆ ಮಾಡಿದ ಮೇಲೆ ಡಾಕ್ಟರು, ಗಾಳಿ ಹೋಗದಂತೆ ತಡೆಯುವಾಗ ಬಿಗಿಯುತ್ತೀರಲ್ಲ, ಹಾಗೆ ಒಳಗಿನಿಂದ ಮೇಲಕ್ಕೆ ಬಿಗಿಯಿರಿ ಎಂದರು. ವ್ಯಾಯಾಮ ಎಂದಕೂಡಲೇ ಲೋಹಿತಾಗೆ ಹುರುಪು ಬಂತು. ಉಸಿರು ಕಟ್ಟಿ, ಹೊಟ್ಟೆ ಎಳೆದು, ಮುಷ್ಟಿ ಹಿಡಿದು, ಕಣ್ಣು ಮುಚ್ಚಿ ಬಿಗಿದಳು.

"ಮೇಡಂ, ನಿಮ್ಮ ಮುಖದ ಸ್ನಾಯು ಚೆನ್ನಾಗಿದೆ," ಎಂದರು ಡಾಕ್ಟರು. "ಅದೊಂದು ಬಿಟ್ಟು ಬೇರೇದು ಬಿಗೀಬೇಕಿತ್ತು. ನೀವೇನು ಕೆಲಸ ಮಾಡ್ತೀರಿ?"

"ಟೀಚರ್ರು."

"ಯಾವ ಸಬ್ಜೆಕ್ಟು?"

"ಹಿಂದಿ," ಎಂದಳು ಲೋಹಿತಾ. ಪಿ.ಟಿ. ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ.

ಸರಿಯಾಗಿ ಕಲಿಸಲು ಫಿಜಿಯೋಥೆರಪಿ ಮೇಡಂ ಇದ್ದಾರೆ, ಗುರುವಾರ ಮಾತ್ರ ಬರುತ್ತಾರೆ, ಹೋಗುವಾಗ ಹೆಸರು ಬರೆಸಿ. ಅಲ್ಲಿಯತನಕ ಭಾರ ಎತ್ತಬೇಡಿ, ಕಾಫಿ ಟೀ ಕಡಿಮೆ ಮಾಡಿ ಎಂದರು ಡಾಕ್ಟರು. ಲೋಹಿತಾ ಹೆಸರು ಬರೆಸಲು ಹೋದಳು. ಕೌಂಟರಿನ ಹತ್ತಿರ ಯಾರೋ ಮಧುಗಿರಿಯ ಮುಖದವರು ಕೂತಂತೆ ಕಂಡಿತು. ಆಮೇಲೆ ಫೋನು ಮಾಡಿದರಾಯಿತೆಂದು ಡಾಕ್ಟರ ಕಾರ್ಡೊಂದನ್ನು ತೆಗೆದುಕೊಂಡು, ತಲೆ ತುಂಬ ಸೆರಗು ಹೊದ್ದು ಹೊರಬಿದ್ದಳು.

ಹೊರಬಿದ್ದವಳು ನೇರವಾಗಿ ತನ್ನದೇ ಸ್ಕೂಲಿನ ಗಣಿತದ ಮೇಷ್ಟ್ರು ನಾಗಭೂಷಣ್ ಎದುರಿಗೆ ನಿಂತಳು. ಆತ ರಜೆ ಹಾಕಿ ಹೆಂಡತಿಯ ಊರಾದ ಬರಗೂರಿಗೆ ಹೋಗಲು ಬಸ್ಸು ಕಾಯುತ್ತಿದ್ದ. ಮೇಷ್ಟ್ರು ಲೋಹಿತಾಳನ್ನು ನೋಡಿದ, ಅವಳ ಕೈಯ ಆಸ್ಪತ್ರೆ ಫೈಲು ನೋಡಿದ, ತಲೆಯೆತ್ತಿ 'ಹೆರಿಗೆ ಮತ್ತು ಬಂಜೆತನ ಚಿಕಿತ್ಸಾ ಕೇಂದ್ರ' ಎಂಬ ಬೋರ್ಡು ನೋಡಿದ. ಮೂರನ್ನೂ ಕೂಡಿಸಿದ.

"ಜ್ವರ ಅಂದಿದ್ರಂತೆ?"

"ಹೂಂ ಸಾರ್, ಸ್ವಲ್ಪ ಸುಸ್ತು."

"ಇಂಥಾ ಟೈಮಲ್ಲಿ ಸುಸ್ತು ಇರ್ತದೆ ಮೇಡಂ," ಎಂದ ನಾಗಭೂಷಣ್ ಬಹಳ ಮೃದುವಾಗಿ. "ಬಸ್ಸಲ್ಲಿ ಹಿಂದಿನ ಸೀಟಲ್ಲಿ ಮಾತ್ರ ಕೂರಬೇಡಿ."

ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡಳು ಲೋಹಿತಾ. ಬಸ್ಸು ಮಧುಗಿರಿ ತಲುಪುವ ಮುಂಚೆಯೇ ಮಗಳ ಫೋನು ಬಂತು.

"ಅಮ್ಮ, ನಿಜಾನಾ?"

"ಏನು ನಿಜಾನಾ?"

"ಈ ವಯಸ್ಸಲ್ಲಾ ಅಮ್ಮ? ಹಾಸ್ಟೆಲಲ್ಲಿ ನಾನ್ ಹೆಂಗೆ ಮುಖ ತೋರಿಸ್ಲಿ?" ಎಂದು ಪ್ರಿಯಾಂಕ ಅಳುತ್ತಾ ಫೋನಿಟ್ಟಳು. ಮಗಳಿಗೆ ಸೋರುವ ವಿಷಯ ಹೇಗೆ ಗೊತ್ತಾಯಿತೆಂದು ಲೋಹಿತಾ ಕೊರಟಗೆರೆಯವರೆಗೂ ಬೆವರಿದಳು.

ಮನೆಯ ಜಗುಲಿಯ ಮೇಲೆ ಬೀದಿಯ ಹೆಂಗಸರೆಲ್ಲ ಕೂತಿದ್ದರು. ನರಸಮ್ಮ ಕೈಯಲ್ಲಿ ಕಾಫಿ ಲೋಟ ಹಿಡಿದು ಎದ್ದಳು.

"ಬಾ ಕಣಮ್ಮ, ದಣ್ದು ಬಂದಿದ್ದೀಯ. ಬಿಸಿಬಿಸಿ ಕುಡಿ."

"ಬ್ಯಾಡ ನರಸಮ್ಮಕ್ಕ. ಡಾಕ್ಟ್ರು ಕಾಫಿ ಕಮ್ಮಿ ಮಾಡು ಅಂದವ್ರೆ." ಬಾಯಿ ತಪ್ಪಿ ಬಂದ ಮಾತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಂಗಾದ್ರೆ ಈ ಬಿಂದಿಗೆ ಒಳಕ್ಕಿಡು, ನಲ್ಲಿ ನೀರು ಬಂದಿತ್ತು," ಎಂದಳು ನರಸಮ್ಮ, ಪರೀಕ್ಷೆ ಮಾಡುವವಳಂತೆ.

"ಭಾರನೂ ಎತ್ತಬಾರದಂತೆ."

ಅಲ್ಲಿಗೆ ವಿಷಯ ಮುಗಿಯಿತು. ಬಸವಮ್ಮ ಕಣ್ಣೊರೆಸಿಕೊಂಡು, "ಎರಡನೇದು ಬೇಕು ಅಂತ ನಾನು ಕೇಳ್ಕೊಂಡಾಗ ಬುಟ್ಬುಟ್ಟು ಈವಾಗ ಕೊಟ್ಟವ್ನೆ ನೋಡಮ್ಮ, ಆ ಶಿವ," ಎಂದರು. ಪ್ರಭುದೇವ್ ಅಂಗಡಿ ಮುಚ್ಚಿ ಬಂದು ಬಾಗಿಲ ಪಕ್ಕ ನಿಂತಿದ್ದ. ಪಾಪ, ಅವನ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. ಇದು ಹೇಗೆ ಸಾಧ್ಯ ಎಂದು ಹಳೆಯ ದಿನಗಳನ್ನೆಲ್ಲ ಹುಡುಕುತ್ತಿರುವವನ ಮುಖ ಅದು.

ಆ ಮುಖ ನೋಡಿದ ಮೇಲೆ ಲೋಹಿತಾಗೆ ದಾರಿಯೇ ಉಳಿಯಲಿಲ್ಲ.

"ನಂಗೆ ಬಸುರೂ ಇಲ್ಲ, ಗಿಸುರೂ ಇಲ್ಲ," ಎಂದಳು. "ಸೀನಿದ್ರೆ, ನಕ್ರೆ ಉಚ್ಚೆ ಸೋರ್ತದೆ. ಅದುಕ್ಕೆ ಹೋಗಿದ್ದೆ."

ಪ್ರಭುದೇವ್ ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಗೊಣಗುತ್ತಾ ಬೀದಿಗಿಳಿದ. ಇನ್ನು ನಾಳೆಯಿಂದ ಎಲ್ಲರ ಬಾಯಲ್ಲೂ ನಾನೇ ಎಂದುಕೊಂಡು ಲೋಹಿತಾ ಹೊಸ್ತಿಲ ಮೇಲೆ ಕುಸಿದಳು.

"ಕೆಮ್ಮಿದ್ರೂ ಬರ್ತದಾ?" ಎಂದಳು ನರಸಮ್ಮ, ಬಹಳ ಮೆಲ್ಲಗೆ.

"ಹೂಂ."

"ಅದುಕ್ಕೆ ಔಷ್ದಿ ಐತಾ?"

ಲೋಹಿತಾ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಸ್ನಾಯು, ವ್ಯಾಯಾಮ, ಗುರುವಾರ, ತಡಮಾಡಬಾರದ ಲಕ್ಷಣಗಳು. ಯಾರೂ ನಗಲಿಲ್ಲ. ಒಬ್ಬಳು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಇನ್ನೊಬ್ಬಳು ಬಸ್ಸು ಹತ್ತುವ ದಿನ ನೀರೇ ಕುಡಿಯುತ್ತಿರಲಿಲ್ಲವಂತೆ. "ಕೆಳಗೆ ಏನೋ ಜಾರಿದಂಗೆ" ಎಂಬ ಮಾತು ಬಂದಾಗ ಬಸವಮ್ಮ ಸೆರಗಿನ ತುದಿ ಹಿಂಡುತ್ತಾ ನೆಲ ನೋಡಿದರು. "ನಂಗೆ ನಿಮ್ಮಾವ ಇದ್ದಾಗಿಂದ್ಲೂ ಅಂಗೇ ಕಣಮ್ಮ," ಎಂದರು. ಇಷ್ಟು ವರ್ಷ ಒಂದೇ ಸೂರಿನಡಿ ಅತ್ತೆ ಸೊಸೆ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಸೀರೆ ಒಗೆದುಕೊಂಡಿದ್ದರು. ಡಾಕ್ಟರ ಕಾರ್ಡನ್ನು ಲೋಹಿತಾಳೇ ಎಲ್ಲರಿಗೂ ತೋರಿಸಿದಳು. ಅದು ಕೈಯಿಂದ ಕೈಗೆ ದಾಟಿತು.

ಅಡಿಗೆ ಮುಗಿಸಿ, ಮಗಳಿಗೆ ಫೋನು ಮಾಡಿ ಸಮಾಧಾನ ಹೇಳಿ, ಹಗುರಾದ ಮನಸ್ಸಿನಿಂದ ಲೋಹಿತಾ ನರ್ಸಿಂಗ್ ಹೋಮಿಗೆ ಫೋನು ಹಚ್ಚಿದಳು.

"ಈ ಗುರುವಾರ ಫುಲ್ ಆಗೋಯ್ತು ಮೇಡಂ," ಎಂದಿತು ಆ ಕಡೆಯ ದನಿ. "ಮುಂದಿನ ವಾರಾನೂ ಫುಲ್ಲು. ಏನೋ ಗೊತ್ತಿಲ್ಲ, ಈಗ ಒಂದು ಗಂಟೆಯಿಂದ ಬರೀ ಕೊರಟಗೆರೆ ಫೋನೇ. ಬರಗೂರಿಂದ ನಾಗಭೂಷಣ್ ಅಂತ ಒಬ್ರು ಹೆಂಡ್ತಿಗೂ ಅತ್ತೆಗೂ ಒಟ್ಟಿಗೇ ಬರೆಸವ್ರೆ. ನಿಮ್ಮದು ಮುಂದಿನ ತಿಂಗಳು ನೋಡ್ಲಾ?"

ಲೋಹಿತಾ ಫೋನಿಟ್ಟಳು. ಒಳಗಿನಿಂದ ಬಸವಮ್ಮ ಕರೆದರು.

"ಲೋಹಿತಾ, ನಾನ್ ಹೇಳಿದ್ದಕ್ಕೆ ಪ್ರಿಯಾಂಕ ಅದೇನೋ ಆನ್‌ಲೈನಲ್ಲಿ ನಂಗೂ ನರಸಮ್ಮನಿಗೂ ಗುರುವಾರಕ್ಕೇ ಹಾಕ್ಸವ್ಳೆ. ನೀನು ಸ್ಕೂಲಿಗೆ ರಜ ಹೇಳ್ಬುಡು. ನಮ್ಮಿಬ್ರುನ್ನೂ ಕರ್ಕೊಂಡು ಹೋಗೋರು ಯಾರಾದ್ರೂ ಬೇಕಲ್ಲ."